77ನೇ ವಯಸ್ಸಿಗೆ ಆಸ್ಕರ್ ಬಂತು, ಅಲ್ಲೀವರೆಗೂ ಪೆಗ್ಗಿ ಆಶ್‌ಕ್ರಾಫ್ಟ್ ಎಲ್ಲಿದ್ರು?

ರಾಮನಗರದ ಬಂಡೆ ಅಂದ್ರೆ ನಮಗೆ ಗಬ್ಬರ್ ಸಿಂಗ್ ಬಿಟ್ಟು ಬೇರೆ ಯಾರೂ ನೆನಪಾಗಲ್ಲ. ಆದ್ರೆ ಅದೇ ರಾಮದೇವರ ಬೆಟ್ಟಕ್ಕೂ ಮಾಗಡಿ ಕಡೆ ಸಾವನದುರ್ಗಕ್ಕೂ ಬ್ರಿಟಿಷ್ ಡೈರೆಕ್ಟರ್ ಡೇವಿಡ್ ಲೀನ್ 'ಎ ಪ್ಯಾಸೇಜ್ ಟು ಇಂಡಿಯಾ' ಸಿನಿಮಾ ಶೂಟಿಂಗಿಗೆ ಬಂದಿದ್ರು, ಕಥೆಗೆ ಮೂಲವಾದ ಬಿಹಾರದ ಅಸಲಿ ಗುಹೆಗಳು ಅವರ ಕಣ್ಣಿಗೆ ಹಿಡಿಸಲಿಲ್ಲ, ಅದಕ್ಕೇ ಇಲ್ಲಿನ ಬಂಡೇಲೇ ಗುಹೆ ಬಾಯಿ ಕೊರೆಸಿದ್ರು. ಆ ಗುಹೆಯಿಂದ ಉಸಿರು ಕಟ್ಟಿದಂಗಾಗಿ ಈಚೆ ಬರೋ ಮುದುಕಿ ಮಿಸೆಸ್ ಮೂರ್ ಇದಾರಲ್ಲ, ಆ ಪಾತ್ರ ಮಾಡಿದ ಇಂಗ್ಲಿಷ್ ನಟೀನೇ ಪೆಗ್ಗಿ. ಪಾರ್ಟ್ ಬಂದಾಗ 'ನನಗೆ 75 ಆಯ್ತು' ಅಂದ್ರಂತೆ, ಲೀನ್ 'ನನಗೂ ಅಷ್ಟೇ' ಅಂದ್ರಂತೆ.

1985ರಲ್ಲಿ ಪೋಷಕ ನಟಿ ಆಸ್ಕರ್ ಬಂತು. ಸಿನಿಮಾ ಮಾತ್ರ ನೋಡೋರಿಗೆ ಇದು ಕೊನೇಗಾಲದಲ್ಲಿ ಹೊಡೆದ ಲಾಟರಿ ಥರ ಕಾಣುತ್ತೆ. ಅಲ್ಲ. ಪೆಗ್ಗಿ ಹತ್ತಿರ ಹತ್ತಿರ ಅರವತ್ತು ವರ್ಷ ಸ್ಟೇಜ್ ಮೇಲಿದ್ರು ಅಷ್ಟೇ.

ಹುಟ್ಟಿದ್ದು 1907, ಲಂಡನ್ ಪಕ್ಕದ ಕ್ರಾಯ್ಡನ್‌ನಲ್ಲಿ. ಅಪ್ಪ ಮೊದಲ ಮಹಾಯುದ್ಧದಲ್ಲಿ ತೀರ್ಕೊಂಡ್ರು. ಎಲ್ಸಿ ಫೋಗರ್ಟಿ ಅವರ ನಾಟಕ ಶಾಲೇಲಿ ಆಮೇಲೆ ದೊಡ್ಡ ನಟರಾದ ಲಾರೆನ್ಸ್ ಒಲಿವಿಯೆ ಜೊತೆ ಕಲಿತು, 1926ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ರಂಗ ಹತ್ತಿದ್ರು. 1930ರಲ್ಲಿ ಶೇಕ್ಸ್‌ಪಿಯರ್ ನಾಟಕದಲ್ಲಿ ಪಾಲ್ ರೋಬ್ಸನ್ ಒಥೆಲೋ, ಇವರು ಡೆಸ್ಡಿಮೋನಾ. ಕಪ್ಪು ನಟನ ಜೊತೆ ಬಿಳಿ ಹುಡುಗಿ ಹೆಂಡತಿಯಾಗಿ ನಟಿಸಿದ್ದಕ್ಕೆ ಮನೆಗೆ ಬೈಗುಳದ ಪತ್ರ ಬಂದ್ವು, ಆಗಿನ್ನೂ 22 ವರ್ಷ ಆಯಮ್ಮಂಗೆ. 1935ರಲ್ಲಿ ಜೂಲಿಯೆಟ್ ಆದಾಗ ಇಬ್ಬರು ರೋಮಿಯೋಗಳು: ಒಲಿವಿಯೆ ಮತ್ತು ಜಾನ್ ಗೀಲ್ಗುಡ್ ಪಾತ್ರ ಅದಲು ಬದಲು ಮಾಡ್ಕೊಂಡು ಆಡ್ತಿದ್ರು, ಜೂಲಿಯೆಟ್ ಮಾತ್ರ ಬದಲಾಗಲಿಲ್ಲ.

ಅದೇ ವರ್ಷ ಹಿಚ್‌ಕಾಕ್ ಸಿನಿಮಾ 'ದಿ 39 ಸ್ಟೆಪ್ಸ್'ನಲ್ಲೂ ಇದಾರೆ, ಕೆಲವೇ ನಿಮಿಷ. ಪೊಲೀಸರಿಂದ ತಪ್ಪಿಸ್ಕೊಂಡು ಬಂದ ಹೀರೋಗೆ ಗಂಡನ ಕೋಟು ಕೊಟ್ಟು ಕಳಿಸೋ ಹಳ್ಳಿ ಹೆಂಗಸು, ಆ ಕೋಟಿನ ಜೇಬಲ್ಲಿದ್ದ ಚರ್ಚ್ ಹಾಡುಗಳ ಪುಸ್ತಕ ಆಮೇಲೆ ಗುಂಡಿಂದ ಅವನ ಜೀವ ಉಳಿಸುತ್ತೆ. ಮಾತು ಕಮ್ಮಿ, ಮುಖದಲ್ಲೇ ಎಲ್ಲ ಹೇಳ್ತಾರೆ. ಇದನ್ನ ನೋಡಿದ್ರೆ ಕ್ಯಾಮೆರಾ ಇವರಿಗೆ ಒಗ್ಗಲಿಲ್ಲ ಅನ್ನೋಕೆ ಆಗಲ್ಲ. ಇವರ ಮನಸ್ಸೇ ಬೇರೆ ಕಡೆ ಇತ್ತು ಅಂತ ನನಗನ್ಸುತ್ತೆ.

ಆಗ ಲಂಡನ್‌ನ ವೆಸ್ಟ್ ಎಂಡ್ ಪದ್ಧತಿ ಏನಂದ್ರೆ, ಒಂದು ನಾಟಕಕ್ಕೆ ನಟರನ್ನ ಸೇರಿಸೋದು, ಮೂರ್ನಾಲ್ಕು ವಾರ ರಿಹರ್ಸಲ್, ನಾಟಕ ಮುಗೀತಿದ್ದಂಗೆ ಎಲ್ರೂ ಒಂದೊಂದು ದಿಕ್ಕು. ಒಟ್ಟಿಗಿದ್ದು ಒಟ್ಟಿಗೇ ಪಳಗೋ ಕಂಪನಿ ಬೇಕು ಅನ್ನೋ ಹಂಬಲ ಕೆಲವರಿಗೆ ಇತ್ತು. 1937-38ರಲ್ಲಿ ಗೀಲ್ಗುಡ್ ಕ್ವೀನ್ಸ್ ಥಿಯೇಟರಲ್ಲಿ ಅಂಥದೊಂದು ತಂಡ ಕಟ್ಟಿದ್ರು. ಪೆಗ್ಗಿ, ಮೈಕೆಲ್ ರೆಡ್‌ಗ್ರೇವ್, ಇನ್ನೂ ಹುಡುಗನಾಗಿದ್ದ ಅಲೆಕ್ ಗಿನ್ನೆಸ್ ಎಲ್ಲ ಅದರಲ್ಲಿದ್ರು. ಚೆಕಾವ್‌ನ 'ತ್ರೀ ಸಿಸ್ಟರ್ಸ್'ಗೆ ಹತ್ತಿರ ಹತ್ತಿರ ಎರಡು ತಿಂಗಳು ರಿಹರ್ಸಲ್ ಮಾಡಿದ್ರು, ಪೆಗ್ಗಿ ಐರೀನಾ, ಆಕೇನ ಪ್ರೀತಿಸೋ ಟೂಸನ್‌ಬಾಖ್ ಪಾತ್ರದಲ್ಲಿ ರೆಡ್‌ಗ್ರೇವ್.

ಒಂದೇ ಸೀಸನ್‌ಗೆ ನಿಂತೋಯ್ತು. ಪೆಗ್ಗಿ ಆ ಆಸೆ ಬಿಡಲಿಲ್ಲ. 1956ರಲ್ಲಿ ಬ್ರಿಟಿಷ್ ಸರ್ಕಾರದ ಡೇಮ್ ಬಿರುದು ಬಂತು, ಕ್ರಾಯ್ಡನ್‌ನಲ್ಲಿ 1962ರಲ್ಲಿ ಇವರ ಹೆಸರಲ್ಲೇ ಥಿಯೇಟರ್ ಆಯ್ತು. ನಿರ್ದೇಶಕ ಪೀಟರ್ ಹಾಲ್ ರಾಯಲ್ ಶೇಕ್ಸ್‌ಪಿಯರ್ ಕಂಪನಿ ಕಟ್ಟೋಕೆ ಹೊರಟಾಗ ಮೊದಲು ಜೊತೆ ನಿಂತವರಲ್ಲಿ ಇವರೂ ಒಬ್ರು. ಶೇಕ್ಸ್‌ಪಿಯರ್‌ನ ಚರಿತ್ರೆ ನಾಟಕಗಳನ್ನ ಸೇರಿಸಿ ಮಾಡಿದ 1963ರ 'ವಾರ್ಸ್ ಆಫ್ ದಿ ರೋಸಸ್'ನಲ್ಲಿ 55ನೇ ವಯಸ್ಸಲ್ಲಿ ರಾಣಿ ಮಾರ್ಗರೆಟ್, ಫ್ರಾನ್ಸಿಂದ ಬರೋ ಎಳೇ ಹುಡುಗಿಯಿಂದ ಹಿಡಿದು ಶಾಪ ಹಾಕ್ತಾ ಅಲೆಯೋ ಮುದುಕಿವರೆಗೂ ಅವರೇ. ನಡುವೆ ಸೆರೆ ಸಿಕ್ಕ ಶತ್ರು ಯಾರ್ಕ್ ತಲೆಗೆ ಕಾಗದದ ಕಿರೀಟ ಇಟ್ಟು, ಅವನ ಮಗನ ರಕ್ತದಲ್ಲೇ ಅದ್ದಿದ ಕರ್ಚೀಫ್ ಕೊಟ್ಟು ಕಣ್ಣೀರು ಒರೆಸ್ಕೋ ಅನ್ನೋ ದೃಶ್ಯ ಬೇರೆ. ಆಮೇಲೆ 1975ರಲ್ಲಿ ಬೆಕೆಟ್‌ನ 'ಹ್ಯಾಪಿ ಡೇಸ್'ನಲ್ಲಿ ಸೊಂಟದವರೆಗೆ ಮಣ್ಣಲ್ಲಿ ಹೂತು ಕೂತು ಮಾತಾಡೋ ವಿನ್ನಿ.

1984ರಲ್ಲಿ ಟೀವೀಲಿ 'ದಿ ಜ್ಯುವೆಲ್ ಇನ್ ದಿ ಕ್ರೌನ್', ಅದೇ ವರ್ಷ ಲೀನ್ ಸಿನಿಮಾ, ಎರಡೂ ಭಾರತದ ಕಥೆ. ಲೀನ್ ಸಿನಿಮಾದಲ್ಲಿ ಪ್ರೊಫೆಸರ್ ಗೋಡ್‌ಬೋಲೆ ಆಗಿದ್ದು ಅದೇ ಗಿನ್ನೆಸ್, ಕ್ವೀನ್ಸ್ ಕಂಪನಿಯವರು.

ಆಸ್ಕರ್ ಸಮಾರಂಭಕ್ಕೆ ಪೆಗ್ಗಿ ಹೋಗಲಿಲ್ಲ, ಅವರ ಪರವಾಗಿ ಏಂಜೆಲಾ ಲ್ಯಾನ್ಸ್‌ಬರಿ ಪ್ರಶಸ್ತಿ ತಗೊಂಡ್ರು. ಸಮಾರಂಭಕ್ಕೆ ನಾಲ್ಕು ದಿನ ಮುಂಚೆ ಮೈಕೆಲ್ ರೆಡ್‌ಗ್ರೇವ್ ತೀರ್ಕೊಂಡಿದ್ರು, ಪೆಗ್ಗಿ ಅವರ ಅಂತ್ಯಕ್ರಿಯೆಗೆ ಅಂತ ಇಂಗ್ಲೆಂಡಲ್ಲೇ ಉಳ್ಕೊಂಡ್ರು.