ಒಂದು ವಾರಾಂತ್ಯಕ್ಕಾಗಿ ಇಡೀ ವರ್ಷದ ರೋಬೋಟ್ ಯಾಕೆ?

ಪುಣೆಯ ಕನ್ನಡ ಮನೆಗಳಲ್ಲಿ ಈಗ ಭರತನಾಟ್ಯ, ಅಬಾಕಸ್ ಜೊತೆಗೆ ರೋಬೋಟಿಕ್ಸ್ ಕೂಡ ಸೇರಿಕೊಂಡಿದೆ. ನಾನು ಹಗಲು ಚಾಕಣದಲ್ಲಿ ಆಟೊಮೇಶನ್ ಕೆಲಸ ಮಾಡುತ್ತೇನೆ, ಸಂಜೆ ಶಾಲಾ ತಂಡಗಳಿಗೆ ಮೆಂಟರ್. ಇದು ಗೊತ್ತಿರುವ ಅಪ್ಪ ಅಮ್ಮಂದಿರು ಕನ್ನಡ ಸಂಘದ ಕಾರ್ಯಕ್ರಮದಲ್ಲಿ ಸಿಕ್ಕಾಗೆಲ್ಲ ಕೇಳುವುದು ಒಂದೇ ಪ್ರಶ್ನೆ. ಇಷ್ಟು ಲಕ್ಷ ಸುರಿದು, ರೋಬೋಟನ್ನು ಪೆಟ್ಟಿಗೆಯಲ್ಲಿ ತುಂಬಿ ಹೊರದೇಶಕ್ಕೆ ಹೋಗಿ, ಮೂರೇ ದಿನ ಆಡಿ ವಾಪಸ್ ಬರೋದು ಸರಿನಾ?

ಸರಿಯಲ್ಲ. ಆದರೆ ತಪ್ಪು ತಂಡದ್ದಲ್ಲ, ಸ್ಪರ್ಧೆ ನಡೆಸುವ ಪದ್ಧತಿಯದ್ದು.

ನಾನು ಹೇಳುತ್ತಿರುವುದು ಫಸ್ಟ್ ರೋಬೋಟಿಕ್ಸ್ ಕಾಂಪಿಟಿಷನ್ ಬಗ್ಗೆ, ನಮ್ಮ ಹುಡುಗರ ಬಾಯಲ್ಲಿ ಎಫ್‌ಆರ್‌ಸಿ, ಹೈಸ್ಕೂಲ್ ಮಕ್ಕಳು ರೋಬೋಟ್ ಕಟ್ಟಿ ಆಡುವ ಸ್ಪರ್ಧೆ. ಅಮೆರಿಕದ ಸಂಶೋಧಕ ಡೀನ್ ಕೇಮನ್ 1989ರಲ್ಲಿ ಕಟ್ಟಿದ ‘ಫಸ್ಟ್’ ಸಂಸ್ಥೆ ಇದನ್ನು ನಡೆಸುತ್ತದೆ. ಮೊದಲ ಸ್ಪರ್ಧೆ 1992ರಲ್ಲಿ ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನ ಒಂದು ಹೈಸ್ಕೂಲ್ ಜಿಮ್‌ನಲ್ಲಿ ನಡೆಯಿತು, ಬಂದಿದ್ದು 28 ತಂಡ. ಆಮೇಲೆ ಅದು ಬೆಳೆದು ದೊಡ್ಡ ದೊಡ್ಡ ಅರೀನಾಗಳಿಗೆ ಹೋಯಿತು. ಇದಕ್ಕೇ ರೀಜನಲ್ ಪದ್ಧತಿ ಅನ್ನುತ್ತಾರೆ. ಸುಮಾರು 6,000 ಡಾಲರ್, ಅಂದರೆ ಐದು ಲಕ್ಷ ರೂಪಾಯಿಗಿಂತ ಕಡಿಮೆ ಇಲ್ಲ, ಪ್ರವೇಶ ಶುಲ್ಕ ಕಟ್ಟಿದರೆ ಒಂದು ರೀಜನಲ್ ಆಡಬಹುದು. ಒಂಬತ್ತು ಹತ್ತು ಲೀಗ್ ಮ್ಯಾಚ್ ಸಿಗುತ್ತದೆ. ಒಂದೊಂದು ಮ್ಯಾಚ್ ಸುಮಾರು ಎರಡೂವರೆ ನಿಮಿಷ. ಎರಡನೇ ಸ್ಪರ್ಧೆ ಬೇಕಾದರೆ ಮತ್ತೆ ಬೇರೆ ದುಡ್ಡು. ಮುಂಬೈ ತಂಡ ಹೊರದೇಶಕ್ಕೆ ಹೋಗಬೇಕಾದರೆ ಇದರ ಮೇಲೆ ವಿಮಾನ, ವೀಸಾ, ಸರಕು ಸಾಗಣೆ, ಕಸ್ಟಮ್ಸ್‌ಗೆ ಕಾರ್ನೆಟ್ ಕಾಗದ (ಸುಂಕ ಕಟ್ಟದೆ ಸಾಮಾನು ಒಯ್ದು ವಾಪಸ್ ತರಲು), ಎಲ್ಲಾ ಸೇರುತ್ತದೆ. ಒಟ್ಟು ಆಡಿದ್ದು ಇಪ್ಪತ್ತೈದು ನಿಮಿಷ!

ಮಿಷಿಗನ್ ರಾಜ್ಯದವರು 2009ರಲ್ಲಿ ಇದನ್ನು ಬದಲಾಯಿಸಿದರು. ಅದಕ್ಕೆ ಡಿಸ್ಟ್ರಿಕ್ಟ್ ಪದ್ಧತಿ ಅನ್ನುತ್ತಾರೆ (ಇಲ್ಲಿ ಡಿಸ್ಟ್ರಿಕ್ಟ್ ಅಂದರೆ ಜಿಲ್ಲೆ ಅಲ್ಲ, ಒಟ್ಟಿಗೆ ಆಡುವ ತಂಡಗಳ ಪ್ರದೇಶ): ಅದೇ ಶುಲ್ಕ, ಆದರೆ ಎರಡು ಸ್ಪರ್ಧೆ. ಅರೀನಾ ಬೇಡ, ಹೈಸ್ಕೂಲ್ ಜಿಮ್ ಸಾಕು. ಒಂದೊಂದರಲ್ಲೂ ತಂಡ ಕಡಿಮೆ, ಹಾಗಾಗಿ ತಂಡಕ್ಕೆ ಹನ್ನೆರಡು ಮ್ಯಾಚ್. ಎರಡೂ ಸೇರಿ ಇಪ್ಪತ್ನಾಲ್ಕು. ಎರಡರ ಅಂಕ ಕೂಡಿಸಿ ಮೇಲಿನವರು ಡಿಸ್ಟ್ರಿಕ್ಟ್ ಚಾಂಪಿಯನ್‌ಶಿಪ್‌ಗೆ, ಅಲ್ಲಿಂದ ವರ್ಲ್ಡ್ಸ್‌ಗೆ, ಅಂದರೆ ವಿಶ್ವ ಚಾಂಪಿಯನ್‌ಶಿಪ್‌ಗೆ. ಆಮೇಲೆ 2014ರಲ್ಲಿ ನ್ಯೂ ಇಂಗ್ಲೆಂಡ್‌ನ ಆರು ರಾಜ್ಯಗಳು ಒಟ್ಟಾಗಿ ಒಂದೇ ಡಿಸ್ಟ್ರಿಕ್ಟ್ ಆದವು. 2017ರಲ್ಲಿ ಇಸ್ರೇಲ್ ಮತ್ತು ಕೆನಡಾದ ಒಂಟಾರಿಯೊ ಸೇರಿದವು, ಅಂದರೆ ಇದು ಅಮೆರಿಕದೊಳಗಿನ ವ್ಯವಹಾರ ಮಾತ್ರ ಅಲ್ಲ.

ನನಗೆ ಮ್ಯಾಚ್‌ಗಳ ಸಂಖ್ಯೆಗಿಂತ ಮುಖ್ಯ ಅನ್ನಿಸುವುದು ಎರಡು ಸ್ಪರ್ಧೆಗಳ ನಡುವೆ ಸಿಗುವ ಎರಡು ಮೂರು ವಾರ.

ಒಂದು ಉದಾಹರಣೆ ಕೊಡುತ್ತೇನೆ. ರೋಬೋಟ್ ಅಂಗಳದ ಮಧ್ಯೆ ಸುಮ್ಮನೆ ನಿಂತುಬಿಡುತ್ತದೆ. ಮೋಟರ್ ಸರಿ ಇದೆ, ಕೋಡ್ ಸರಿ ಇದೆ, ಬ್ಯಾಟರಿ ತುಂಬಿದೆ. ಮಕ್ಕಳು ಲ್ಯಾಪ್‌ಟಾಪ್ ತೆಗೆದು ಕೋಡ್ ತಿದ್ದಲು ಕೂರುತ್ತಾರೆ, ಯಾಕೆಂದರೆ ಅವರಿಗೆ ಕೋಡ್ ಮೇಲೆಯೇ ಅನುಮಾನ ಜಾಸ್ತಿ. ಎರಡು ಮ್ಯಾಚ್ ಆದ ಮೇಲೆ ಗೊತ್ತಾಗುವುದು ರೇಡಿಯೊಗೆ ಹೋಗುವ ಕರೆಂಟಿನ ತಂತಿ ಸಡಿಲ ಅಂತ. ಎದುರಿನವರು ಗುದ್ದಿದಾಗ ಒಂದು ಕ್ಷಣ ಸಂಪರ್ಕ ತಪ್ಪುತ್ತದೆ, ರೇಡಿಯೊ ಮತ್ತೆ ಮೊದಲಿನಿಂದ ಶುರುವಾಗುತ್ತದೆ, ಅದು ಎದ್ದು ಕೂರುವಷ್ಟರಲ್ಲಿ ಮ್ಯಾಚ್ ಮುಗಿದಿರುತ್ತದೆ. ನಮ್ಮ ಫ್ಯಾಕ್ಟರಿಯಲ್ಲೂ ಹೊಸ ಲೈನ್ ನಿಲ್ಲುವುದು ಬಹಳ ಸಲ ಇಂಥ ಸಡಿಲ ಕ್ರಿಂಪ್‌ನಿಂದಲೇ (ತಂತಿಯ ತುದಿಗೆ ಒತ್ತಿ ಕೂರಿಸಿದ ಜೋಡಣೆ). ರೀಜನಲ್‌ನಲ್ಲಿ ಈ ಪಾಠ ಕಲಿತಾಗ ವಿಮಾನ ಹತ್ತುವ ಹೊತ್ತಾಗಿರುತ್ತದೆ. ಡಿಸ್ಟ್ರಿಕ್ಟ್‌ನಲ್ಲಾದರೆ ಮನೆಗೆ ಬಂದು, ವೈರಿಂಗ್ ಪೂರ್ತಿ ಬಿಚ್ಚಿ, ಭೋಸರಿಯ ವರ್ಕ್‌ಶಾಪಿನಲ್ಲಿ ಒಂದು ಹೊಸ ಬ್ರಾಕೆಟ್ ಮಾಡಿಸಿಕೊಂಡು ಮತ್ತೆ ಕಣಕ್ಕೆ ಇಳಿಯಬಹುದು. ಇಂಜಿನಿಯರಿಂಗ್ ಅಂದರೆ ಇದೇ ಅಲ್ವಾ? ಹಿಂದೆ ರೋಬೋಟ್ ಕಟ್ಟಲು ಕೊಡುತ್ತಿದ್ದ ಆರು ವಾರ ಮುಗಿದ ಕೂಡಲೇ ರೋಬೋಟನ್ನು ಚೀಲಕ್ಕೆ ಹಾಕಿ ಸೀಲ್ ಮಾಡಬೇಕಿತ್ತು. 2020ರಿಂದ ಆ ನಿಯಮವೂ ಇಲ್ಲ, ಹಾಗಾಗಿ ಈ ನಡುವಿನ ವಾರಗಳಿಗೆ ಬೆಲೆ ಇನ್ನೂ ಹೆಚ್ಚಾಗಿದೆ.

ಅಂಕದ ಲೆಕ್ಕವೂ ನನಗೆ ಇಷ್ಟ. ಲೀಗ್ ಸ್ಥಾನಕ್ಕೆ ಗರಿಷ್ಠ 22, ಕನಿಷ್ಠ 4. ನಾಕೌಟ್‌ಗೆ ಕೆಲವು ತಂಡಗಳು ಸೇರಿ ಕಟ್ಟುವ ಗುಂಪಿಗೆ ಅಲಯನ್ಸ್ ಅನ್ನುತ್ತಾರೆ, ಅದರ ಕ್ಯಾಪ್ಟನ್ ಆದರೆ ಅಥವಾ ಬೇಗ ಆಯ್ಕೆಯಾದರೆ 16ರವರೆಗೆ. ನಾಕೌಟ್‌ಗೆ ಬೇರೆ ಅಂಕ, ಪ್ರಶಸ್ತಿಗೂ ಅಂಕ. ಮೊದಲ ವರ್ಷದ ತಂಡಕ್ಕೆ 10 ಅಂಕ ಸುಮ್ನೆ ಕೊಡುತ್ತಾರೆ, ಎರಡನೇ ವರ್ಷಕ್ಕೆ 5. ಹಳೇ ರೀಜನಲ್ ಪದ್ಧತಿಯಲ್ಲಿ ಗೆದ್ದ ಅಲಯನ್ಸ್‌ನ ಮೂರನೇ ರೋಬೋಟ್ ಕೂಡ ಅದೃಷ್ಟದಿಂದ ವರ್ಲ್ಡ್ಸ್ ಟಿಕೆಟ್ ಹೊಡೆಯುತ್ತಿತ್ತು, ಫೈನಲ್‌ನಲ್ಲಿ ಸೋತ ಒಳ್ಳೆಯ ತಂಡ ಮನೆಗೆ ಹೋಗುತ್ತಿತ್ತು. 2025ರಿಂದ ರೀಜನಲ್‌ನಲ್ಲೂ ಅಂಕದ ಪಟ್ಟಿ ತಂದಿದ್ದಾರೆ ಅಂದರೆ ಡಿಸ್ಟ್ರಿಕ್ಟ್‌ನವರ ಲೆಕ್ಕವೇ ಸರಿ ಅಂತ ಒಪ್ಪಿಕೊಂಡ ಹಾಗೇ.

ಹಾಗಾದರೆ ನಮ್ಮಲ್ಲಿ? ಮುಂಬೈ, ಪುಣೆ, ಗೋವಾ, ಜೊತೆಗೆ ಕೊಲ್ಹಾಪುರ, ಬೆಳಗಾವಿ, ಹುಬ್ಬಳ್ಳಿ ಸೇರಿಸಿ ಒಂದು ಡಿಸ್ಟ್ರಿಕ್ಟ್ ಮಾಡಬಹುದು ಅಂತ ನನ್ನ ಕನಸು. ಬೆಳಗಾವಿಯಿಂದ ಪುಣೆಗೆ 340 ಕಿಲೋಮೀಟರ್ ಆಸುಪಾಸು, ರಾತ್ರಿ ಟೆಂಪೊದಲ್ಲಿ ರೋಬೋಟ್ ಹಾಕಿದರೆ ಬೆಳಗ್ಗೆ ಪಿಟ್‌ನಲ್ಲಿ, ಅಂದರೆ ತಂಡಗಳು ರೋಬೋಟ್ ರಿಪೇರಿ ಮಾಡಿಕೊಳ್ಳುವ ಜಾಗದಲ್ಲಿ, ಇರುತ್ತದೆ. ರಾಜ್ಯದ ಗಡಿ ನೋಡಬಾರದು, ರಸ್ತೆ ನೋಡಬೇಕು. ಗಡಿ ವಿಷಯಕ್ಕೆ ಜಗಳ ಆಡುವವರು ಬೇರೆ ಇದ್ದಾರೆ, ಅದನ್ನು ಅವರಿಗೇ ಬಿಡೋಣ.

ಆದರೆ ನಾಳೆಯೇ ಮಾಡಿ ಅಂತ ನಾನು ಹೇಳುವುದಿಲ್ಲ. ಎರಡು ಸ್ಪರ್ಧೆ ನಡೆಸಲು ತಂಡಗಳು ಬೇಕು, ಅದಕ್ಕಿಂತ ಜಾಸ್ತಿ ಬೇಕಾದದ್ದು ಜನ. ಫೀಲ್ಡ್ ನೋಡಿಕೊಳ್ಳುವ ತಾಂತ್ರಿಕರು, ರೆಫರಿಗಳು, ರೋಬೋಟ್ ತೂಕ ಅಳತೆ ನೋಡುವ ಇನ್‌ಸ್ಪೆಕ್ಟರ್‌ಗಳು, ಪಿಟ್‌ನಲ್ಲಿ ಮಕ್ಕಳನ್ನು ಮಾತಾಡಿಸುವ ಜಡ್ಜ್‌ಗಳು. ಇವರಿಗೆಲ್ಲ ತರಬೇತಿ ಬೇಕು, ಸಂಬಳ ಇರುವುದಿಲ್ಲ. ಈಗ ನಮ್ಮಲ್ಲಿ ತಂಡಕ್ಕೆ ಮೆಂಟರ್ ಆಗಿರುವವರೇ ಹಾಲ್ ಬುಕ್ ಮಾಡಬೇಕು, ವಡಾ ಪಾವ್ ತರಿಸಬೇಕು, ಸೀಟಿಯನ್ನೂ ಊದಬೇಕು. ಇಂಥ ಎರಡು ವಾರಾಂತ್ಯ ಕಳೆದರೆ ಮೂರನೇ ವರ್ಷ ಅವರು ಫೋನ್ ಎತ್ತುವುದಿಲ್ಲ.

ಪುಣೆಯಲ್ಲಿ ಈ ಜನ ಇಲ್ಲ ಅಂತಲ್ಲ. ಇಂಜಿನಿಯರಿಂಗ್ ಕಾಲೇಜುಗಳ ರೋಬೋಟ್ ಸ್ಪರ್ಧೆ ರೋಬೋಕಾನ್‌ನ ರಾಷ್ಟ್ರೀಯ ಸುತ್ತು ವರ್ಷಗಟ್ಟಲೆ ಇಲ್ಲಿಯೇ ನಡೆದಿದೆ. 2014ರಲ್ಲಿ ಏಷ್ಯಾ ಪೆಸಿಫಿಕ್ ಮಟ್ಟದ ಎಬಿಯು ರೋಬೋಕಾನ್ ನಡೆದದ್ದೂ ಪುಣೆಯಲ್ಲೇ. ಆಗ ರಾತ್ರಿ ಇಡೀ ಲೇತ್ ಪಕ್ಕ ಕೂತಿದ್ದ ಹುಡುಗ ಹುಡುಗಿಯರು ಇವತ್ತು ಹಿಂಜೇವಾಡಿ, ಚಾಕಣದಲ್ಲಿ ಸೀನಿಯರ್ ಇಂಜಿನಿಯರುಗಳು. ಅವರಲ್ಲಿ ಧಾರವಾಡ, ಬಾಗಲಕೋಟೆ ಕಡೆಯವರೂ ಇದ್ದಾರೆ. ಅವರನ್ನು ಯಾರೂ ಕರೆದಿಲ್ಲ, ಅಷ್ಟೇ. ದೇಣಿಗೆ ಕೇಳಲು ಕಂಪನಿ ಬಾಗಿಲು ತಟ್ಟುವ ಶಾಲೆಗಳು ಅದೇ ಕಂಪನಿಯ ಜನರ ಎರಡು ಶನಿವಾರ ಕೇಳುವುದಿಲ್ಲ. ಚೆಕ್‌ಗಿಂತ ಆ ಶನಿವಾರವೇ ಸಿಗುವುದು ಸುಲಭ, ನನ್ನ ಅನುಭವದಲ್ಲಿ.

ಇನ್ನೊಂದು ತೊಡಕು ಕ್ಯಾಲೆಂಡರ್. ಎಫ್‌ಆರ್‌ಸಿ ಆಟ ಏನು ಅಂತ ತಿಳಿಸುವುದು ಜನವರಿ ಮೊದಲ ವಾರಗಳಲ್ಲಿ, ಸ್ಪರ್ಧೆ ಮಾರ್ಚ್, ಏಪ್ರಿಲ್‌ನಲ್ಲಿ. ನಮ್ಮ ಹತ್ತನೇ, ಹನ್ನೆರಡನೇ ತರಗತಿ ಬೋರ್ಡ್ ಪರೀಕ್ಷೆ ಫೆಬ್ರುವರಿ, ಮಾರ್ಚ್. ಒಂದು ಸ್ಪರ್ಧೆಗೇ ಅಮ್ಮಂದಿರು ಮುಖ ಗಂಟು ಹಾಕಿಕೊಳ್ಳುತ್ತಾರೆ, ಎರಡು ಅಂದರೆ ಕೇಳಲೇಬೇಡಿ. ಹಾಗಾಗಿ ಒಂಬತ್ತು, ಹನ್ನೊಂದನೇ ತರಗತಿಯ ಮಕ್ಕಳ ಕೈಗೆ ತಂಡ ಕೊಡಿ, ಮೊದಲ ಸ್ಪರ್ಧೆಯನ್ನು ಮಾರ್ಚ್ ಕೊನೆಗೆ, ಎರಡನೆಯದನ್ನು ಏಪ್ರಿಲ್ ಎರಡನೇ ವಾರಕ್ಕೆ ಇಡಿ ಅನ್ನುವುದು ನನ್ನ ಸಲಹೆ. ಅಷ್ಟರಲ್ಲಿ ವರ್ಲ್ಡ್ಸ್ ಹತ್ತಿರ ಬಂದುಬಿಡುತ್ತದೆ, ವೀಸಾಗೆ ಸಮಯ ಸಾಲುವುದಿಲ್ಲ ಅಂತ ಒಬ್ಬ ಪೋಷಕರು ತಕ್ಷಣ ಹೇಳಿದರು. ನಿಜವೇ. ಅದಕ್ಕೆ ಮೊದಲ ಎರಡು ವರ್ಷ ವರ್ಲ್ಡ್ಸ್ ಮಾತೇ ಬೇಡ, ಅಂಕವನ್ನೂ ಅಮೆರಿಕಕ್ಕೆ ಕಳಿಸುವುದು ಬೇಡ, ಸುಮ್ಮನೆ ಪುಣೆಯಲ್ಲೊಂದು, ಗೋವಾದಲ್ಲೊಂದು ಅನಧಿಕೃತ ಸ್ಪರ್ಧೆ ನಡೆಸೋಣ ಅಂದೆ. ಅಂಗಳವನ್ನು ಪ್ಲೈವುಡ್‌ನಲ್ಲಿ ಮಾಡಬಹುದು, ಅದರ ನಕ್ಷೆಗಳನ್ನು ಸಂಸ್ಥೆಯೇ ಬಿಡುಗಡೆ ಮಾಡುತ್ತದೆ. ಎರಡೂ ಕಡೆ ಒಂದೇ ಅಂಗಳ, ಒಂದೇ ಟೆಂಪೊ. ಹಾಲ್ ಕೊಡಲು ಒಂದು ಶಾಲೆ ಒಪ್ಪಿದೆ, ಏಪ್ರಿಲ್ ಬಿಸಿಲಿಗೆ ಫ್ಯಾನ್ ಸಾಕಾಗುತ್ತದೋ ಇಲ್ಲವೋ ನೋಡಬೇಕು.