ಮೂವತ್ತನೆಯವನು, ಮೂವತ್ತಮೂರನೆಯವನು, ಮೂವತ್ತಾರನೆಯವನು

2002ರ ಫೆಬ್ರುವರಿ 18. ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ಗೆ 32ನೆಯ ತಂಡವಾಗಿ ಹ್ಯೂಸ್ಟನ್ ಟೆಕ್ಸನ್ಸ್ ಸೇರುವುದರಲ್ಲಿತ್ತು. ಉಳಿದ 31 ತಂಡಗಳು ‘ಇವರಲ್ಲಿ ಬೇಕಾದವರನ್ನು ಕರೆದುಕೊಳ್ಳಿ’ ಎಂದು ತಲಾ ಐವರ ಹೆಸರು ಬರೆದುಕೊಟ್ಟಿದ್ದವು. ಆ 155 ಹೆಸರುಗಳಲ್ಲಿ ಟೆಕ್ಸನ್ಸ್ ಮೊಟ್ಟಮೊದಲು ಆರಿಸಿದ್ದು ಟೋನಿ ಬೊಸೆಲ್ಲಿ ಅವರನ್ನು. ಎದುರಾಳಿಗಳು ನುಗ್ಗಿ ಬರುವುದನ್ನು ತಡೆಯುವ ‘ಟ್ಯಾಕಲ್’ ಸ್ಥಾನದಲ್ಲಿ ಅವರು ಆ ಕಾಲದ ಅತ್ಯುತ್ತಮರಲ್ಲಿ ಒಬ್ಬರು. ಜಾಕ್ಸನ್‌ವಿಲ್ ಜಾಗ್ವಾರ್ಸ್ ತಂಡ ಹುಟ್ಟಿದ 1995ರಲ್ಲಿ ಕಾಲೇಜು ಆಟಗಾರರ ಡ್ರಾಫ್ಟ್‌ನಿಂದ, ಅಂದರೆ ತಂಡಗಳು ಸರದಿಯಂತೆ ಹೊಸಬರನ್ನು ಆರಿಸಿಕೊಳ್ಳುವ ಪದ್ಧತಿಯಿಂದ, ತಂದುಕೊಂಡ ಮೊದಲ ಹುಡುಗ. ಅಂಥವರನ್ನು ಅದೇ ತಂಡ ಬಿಟ್ಟುಕೊಡುವ ಪಟ್ಟಿಗೆ ಸೇರಿಸಿದ್ದೇಕೆ?

ಈ ಏರ್ಪಾಡಿಗೆ ‘ವಿಸ್ತರಣಾ ಡ್ರಾಫ್ಟ್’ ಎಂದು ಹೆಸರು. ಹೊಸ ಸಂಸಾರ ಹೂಡುವವರಿಗೆ ನೆಂಟರೆಲ್ಲ ಒಂದೊಂದು ಪಾತ್ರೆ ಕೊಟ್ಟ ಹಾಗೆ, ಹಳೆಯ ತಂಡಗಳು ಹೊಸ ತಂಡಕ್ಕೆ ಆಟಗಾರರನ್ನು ಕೊಡಬೇಕು. ಆದರೆ ದಿನಾ ಅನ್ನ ಬೇಯುವ ಪಾತ್ರೆಯನ್ನು ಯಾರೂ ಎತ್ತಿಕೊಡುವುದಿಲ್ಲ. ಯಾವುದನ್ನು ಒಳಗಿಟ್ಟುಕೊಳ್ಳಬಹುದು, ಎಷ್ಟನ್ನು ಹೊರಗಿಡಲೇಬೇಕು ಎಂಬ ನಿಯಮವೇ ಹೊಸ ತಂಡದ ಹಣೆಬರಹ ಬರೆಯುತ್ತದೆ.

1976ನ್ನೇ ನೋಡಿ. ಟ್ಯಾಂಪಾ ಬೇ ಬಕನಿಯರ್ಸ್ ಮತ್ತು ಸಿಯಾಟಲ್ ಸೀಹಾಕ್ಸ್ ಆ ವರ್ಷ ಒಟ್ಟಿಗೆ ಬಂದವು. ಆಗ ಒಂದು ತಂಡದಲ್ಲಿ 43 ಆಟಗಾರರು. ಹಳೆಯ 26 ತಂಡಗಳಲ್ಲಿ ಪ್ರತಿಯೊಂದೂ 29 ಜನರನ್ನು ಮುಟ್ಟಬಾರದವರೆಂದು ಕಾಯ್ದಿರಿಸಬಹುದಿತ್ತು. ಉಳಿದವರಲ್ಲಿ ಒಬ್ಬರನ್ನು ಹೊಸ ತಂಡ ಆರಿಸಿದ ಕೂಡಲೇ ಹಳೆಯ ತಂಡ ಇನ್ನಿಬ್ಬರನ್ನು ಒಳಗೆಳೆದುಕೊಳ್ಳಬಹುದು. ಹೀಗೆ ಮೂವರನ್ನು ಕಳೆದುಕೊಂಡರೆ ಅದರ ಬಾಧ್ಯತೆ ಮುಗಿಯಿತು. ಆಟಗಾರರನ್ನು ಯೋಗ್ಯತೆಯ ಪ್ರಕಾರ 1ರಿಂದ 43ರವರೆಗೆ ಸಾಲಾಗಿ ನಿಲ್ಲಿಸಿ ಲೆಕ್ಕ ಹಾಕೋಣ. ಮೊದಲು ಹೋಗುವವನು 30ನೆಯವನು. ತಕ್ಷಣ 31 ಮತ್ತು 32 ಒಳಗೆ. ಮುಂದೆ ಹೋಗುವವನು 33ನೆಯವನು. 34, 35 ಒಳಗೆ. ಕೊನೆಗೆ 36ನೆಯವನು. ಎರಡು ಹೊಸ ತಂಡಗಳಿಗೂ ತಲಾ 39 ಆಟಗಾರರು ಸಿಕ್ಕರು, ಸಂಖ್ಯೆಗೆ ಕೊರತೆಯಿರಲಿಲ್ಲ. ಆದರೆ ಬೇರೆ ತಂಡಗಳ ಬೆಂಚಿನ ಮೇಲೆ ಕೂತವರೇ ಇಲ್ಲಿ ಮೈದಾನಕ್ಕಿಳಿಯಬೇಕಾಯಿತು.

ಟ್ಯಾಂಪಾ ಬೇ ಆ ವರ್ಷ ಹದಿನಾಲ್ಕಕ್ಕೆ ಹದಿನಾಲ್ಕೂ ಪಂದ್ಯ ಸೋತಿತು. ಮರುವರ್ಷವೂ ಸೋಲು ನಿಲ್ಲಲಿಲ್ಲ. ಸತತ 26 ಸೋಲುಗಳ ನಂತರ, 1977ರ ಡಿಸೆಂಬರ್ 11ರಂದು ನ್ಯೂ ಆರ್ಲಿಯನ್ಸ್ ವಿರುದ್ಧ ಮೊದಲ ಗೆಲುವು. ಸಿಯಾಟಲ್‌ಗೆ ಮೊದಲ ವರ್ಷ ಎರಡು ಗೆಲುವು ದಕ್ಕಿದವು, ಅದರಲ್ಲೊಂದು ಟ್ಯಾಂಪಾ ಬೇ ವಿರುದ್ಧವೇ. ಸಿಯಾಟಲ್‌ನ ನಿಜವಾದ ರತ್ನ ಸ್ಟೀವ್ ಲಾರ್ಜೆಂಟ್ ಈ ಡ್ರಾಫ್ಟ್‌ನಿಂದ ಬಂದವರಲ್ಲ ಎಂಬುದು ಗಮನಿಸಬೇಕಾದ ಮಾತು. ಹ್ಯೂಸ್ಟನ್ ಆಯಿಲರ್ಸ್ ಬೇಡವೆಂದ ಅವರನ್ನು ಸಿಯಾಟಲ್, ಮುಂದಿನ ವರ್ಷದ ಕಾಲೇಜು ಡ್ರಾಫ್ಟ್‌ನ ಎಂಟನೆಯ ಸುತ್ತಿನ ಒಂದು ಅವಕಾಶ ಕೊಟ್ಟು ಪಡೆದುಕೊಂಡಿತ್ತು.

ಒಬ್ಬಿಬ್ಬರು ಒಳ್ಳೆಯವರು ಸಿಕ್ಕರೆ ಸಾಲದೇ? ಸಾಲದು. ಸೋಲುವ ಕ್ರಿಕೆಟ್ ತಂಡದಲ್ಲೂ ಒಬ್ಬ ಬ್ಯಾಟ್ಸ್‌ಮನ್ ಶತಕ ಹೊಡೆಯಬಲ್ಲ. ಅಮೆರಿಕನ್ ಫುಟ್‌ಬಾಲ್ ಅಂಥ ಆಟವಲ್ಲ. ದಾಳಿಗೆ ಹನ್ನೊಂದು ಜನ, ರಕ್ಷಣೆಗೆ ಬೇರೆಯೇ ಹನ್ನೊಂದು ಜನ. ಚೆಂಡೆಸೆಯುವ ಕ್ವಾರ್ಟರ್‌ಬ್ಯಾಕ್ ಎಷ್ಟೇ ಚತುರನಾಗಿರಲಿ, ಮುಂದೆ ನಿಂತ ಐವರು ಎರಡು ಮೂರು ಸೆಕೆಂಡು ಎದುರಾಳಿಗಳನ್ನು ತಡೆದು ನಿಲ್ಲಿಸಿದರಷ್ಟೇ ಅವನ ತೋಳಿಗೆ ಕೆಲಸ. ಐವರಲ್ಲಿ ಒಬ್ಬ ಸಡಿಲಾದರೂ ಉಳಿದ ನಾಲ್ವರ ದುಡಿಮೆ ವ್ಯರ್ಥ. ಆದ್ದರಿಂದಲೇ 33ನೆಯವನಿಗೂ 10ನೆಯವನಿಗೂ ಇರುವ ಅಂತರ ಇಲ್ಲಿ ಕೂಡುತ್ತಾ ಹೋಗುವುದಿಲ್ಲ, ಗುಣಿಸುತ್ತಾ ಹೋಗುತ್ತದೆ.

ಈ ಲೆಕ್ಕವನ್ನು ತಲೆಕೆಳಗು ಮಾಡಿದ್ದು ದುಡ್ಡು. 1993ರಲ್ಲಿ ಒಪ್ಪಂದ ಮುಗಿದ ಆಟಗಾರರಿಗೆ ತಮಗಿಷ್ಟವಾದ ತಂಡ ಸೇರುವ ಸ್ವಾತಂತ್ರ್ಯ ಬಂತು. 1994ರಲ್ಲಿ ಪ್ರತಿ ತಂಡದ ಒಟ್ಟು ಸಂಬಳಕ್ಕೆ ಮಿತಿ ಬಂತು. 1995ರಲ್ಲಿ ಶುರುವಾದ ಕ್ಯಾರೊಲಿನಾ ಪ್ಯಾಂಥರ್ಸ್ ಮತ್ತು ಜಾಗ್ವಾರ್ಸ್ ತಂಡಗಳಿಗೆ ಇದು ವರವಾಯಿತು. ಸಂಬಳದ ಚೀಲ ಪೂರ್ತಿ ಖಾಲಿಯಿದ್ದುದರಿಂದ ಅವು ಮಾರುಕಟ್ಟೆಗಿಳಿದು ಬೇಕಾದವರನ್ನು ಕರೆತಂದವು. ವಿಸ್ತರಣಾ ಡ್ರಾಫ್ಟ್‌ನಲ್ಲಿ ಜಾಗ್ವಾರ್ಸ್ ಮೊದಲು ಆರಿಸಿದ್ದು ಕ್ವಾರ್ಟರ್‌ಬ್ಯಾಕ್ ಸ್ಟೀವ್ ಬರ್ಲೈನ್ ಅವರನ್ನು. ಆದರೆ ಅದೇ ವರ್ಷ ಅವರ ಜಾಗಕ್ಕೆ ಬಂದು ನೆಲೆ ನಿಂತವರು, ಗ್ರೀನ್ ಬೇಯಿಂದ ವಿನಿಮಯದಲ್ಲಿ ಬಂದ ಮಾರ್ಕ್ ಬ್ರುನೆಲ್. ಎರಡನೆಯ ವರ್ಷದಲ್ಲೇ ಎರಡೂ ತಂಡಗಳು ಲೀಗ್‌ನ ಅಂತಿಮ ಪಂದ್ಯವಾದ ಸೂಪರ್ ಬೌಲ್‌ಗೆ ಒಂದೇ ಮೆಟ್ಟಿಲು ಬಾಕಿ ಎನ್ನುವಲ್ಲಿಗೆ ತಲುಪಿದವು.

ಸಂಬಳಕ್ಕೆ ಮಿತಿ ಬಂದ ಮೇಲೆ ಆಟಗಾರರನ್ನು ಯೋಗ್ಯತೆಯ ಒಂದೇ ಸಾಲಿನಲ್ಲಿ ನಿಲ್ಲಿಸಲಾಗದು. ‘ಎಷ್ಟು ಚೆನ್ನಾಗಿ ಆಡುತ್ತಾನೆ’ ಎಂಬುದರ ಪಕ್ಕದಲ್ಲಿ ‘ಆ ಆಟಕ್ಕೆ ಎಷ್ಟು ತೆರುತ್ತಿದ್ದೇವೆ’ ಎಂಬ ಇನ್ನೊಂದು ಸಾಲು ಬೇಕು. ಸೋವಿಯ 30ನೆಯವನನ್ನು ಒಳಗಿಟ್ಟುಕೊಂಡು, ದುಬಾರಿಯ ಎರಡನೆಯವನನ್ನು ಬಿಟ್ಟುಕೊಡುವುದೇ ಜಾಣತನವಾಗುವ ಸಂದರ್ಭವೂ ಬರುತ್ತದೆ. 2002ರಲ್ಲಿ ಮಿತಿ 7 ಕೋಟಿ 11 ಲಕ್ಷ ಡಾಲರ್. ಜಾಗ್ವಾರ್ಸ್ ಲೆಕ್ಕ ಅದನ್ನು ದಾಟಿ ಹೋಗಿತ್ತು, ತುರ್ತಾಗಿ ಭಾರ ಇಳಿಸಬೇಕಿತ್ತು. ಬೊಸೆಲ್ಲಿ ಹೆಸರು ಪಟ್ಟಿಗೆ ಬಂದದ್ದು ಹೀಗೆ.

ಟೆಕ್ಸನ್ಸ್‌ಗಿದ್ದ ನಿಯಮವೂ ಎರಡು ತಕ್ಕಡಿಯದು: ಕನಿಷ್ಠ 30 ಆಟಗಾರರನ್ನು ತೆಗೆದುಕೊಳ್ಳಬೇಕು, ಇಲ್ಲವೇ ಸಂಬಳ ಮಿತಿಯ ಶೇ. 38ರಷ್ಟನ್ನು ಖರ್ಚು ಮಾಡಬೇಕು. ಅವರು ಎರಡನೆಯ ದಾರಿ ಹಿಡಿದು 19 ಜನರಿಗೇ ನಿಲ್ಲಿಸಿದರು. ಅದರಲ್ಲಿ ಮೂವರು ಜಾಗ್ವಾರ್ಸ್‌ನವರು, ಮೂವರು ನ್ಯೂಯಾರ್ಕ್ ಜೆಟ್ಸ್‌ನವರು, ಇಬ್ಬರು ಹಿಂದಿನ ವರ್ಷವಷ್ಟೇ ಸೂಪರ್ ಬೌಲ್ ಗೆದ್ದಿದ್ದ ಬಾಲ್ಟಿಮೋರ್ ರೇವನ್ಸ್‌ನವರು. ಇದು ಬೆಂಚಿನ ಸರಕಲ್ಲ. ಜೆಟ್ಸ್‌ನಿಂದ ಬಂದ ಏರನ್ ಗ್ಲೆನ್, ಜಾಗ್ವಾರ್ಸ್‌ನಿಂದ ಬಂದ ಗ್ಯಾರಿ ವಾಕರ್ ಇಬ್ಬರೂ ಆ ವರ್ಷವೇ ಲೀಗ್‌ನ ತಾರೆಯರ ಪಂದ್ಯವಾದ ಪ್ರೋ ಬೌಲ್‌ಗೆ ಆಯ್ಕೆಯಾದರು. ಮೊದಲ ಪಂದ್ಯದಲ್ಲೇ ಟೆಕ್ಸನ್ಸ್ ಡಲ್ಲಾಸ್ ಕೌಬಾಯ್ಸ್ ತಂಡವನ್ನು 19–10ರಿಂದ ಮಣಿಸಿದ್ದೂ ಉಂಟು. ಅದೇ ಕೌಬಾಯ್ಸ್ 1960ರಲ್ಲಿ ಹೊಸ ತಂಡವಾಗಿದ್ದಾಗ ಇಡೀ ವರ್ಷದಲ್ಲಿ ಒಂದು ಪಂದ್ಯವನ್ನೂ ಗೆದ್ದಿರಲಿಲ್ಲ.

ಆದರೂ ದನದ ಜಾತ್ರೆಯಲ್ಲಿ ಎತ್ತಿನ ಹಲ್ಲು ಹಿಡಿದು ನೋಡಿದವರಿಗೂ ಅದರ ಒಳಗಿನ ನೋವು ಕಾಣದಿರಬಹುದು. ಬೊಸೆಲ್ಲಿ 2001ರಲ್ಲಿ ಆಡಿದ್ದು ಮೂರೇ ಪಂದ್ಯ. ಭುಜ ಕೆಟ್ಟಿತ್ತು, ಅದು ಎಲ್ಲರಿಗೂ ಗೊತ್ತಿತ್ತು. ಎಷ್ಟರಮಟ್ಟಿಗೆ ವಾಸಿಯಾಗುತ್ತದೆ ಎಂಬುದರ ಮೇಲೆ ಟೆಕ್ಸನ್ಸ್ ಪಣ ಒಡ್ಡಿದ್ದರು. ಕಾಲೇಜು ಡ್ರಾಫ್ಟ್‌ನ ಮೊದಲ ಆಯ್ಕೆಯಾಗಿ ತಾವು ತರಲಿದ್ದ ಕ್ವಾರ್ಟರ್‌ಬ್ಯಾಕ್‌ಗೆ ಅವರೇ ಗೋಡೆಯಾಗಬೇಕೆಂಬುದು ಯೋಜನೆ. ಭುಜ ವಾಸಿಯಾಗಲಿಲ್ಲ. ಗೋಡೆಯಿಲ್ಲದ ಕಡೆಯಲ್ಲಿ ನಿಂತ ಹೊಸ ಹುಡುಗ ಡೇವಿಡ್ ಕಾರ್ ಆ ವರ್ಷ ಚೆಂಡು ಎಸೆಯುವ ಮೊದಲೇ 76 ಬಾರಿ ನೆಲಕ್ಕೆ ಬಿದ್ದರು. ಒಂದೇ ಋತುವಿನಲ್ಲಿ ಅಷ್ಟು ಸಲ ಬಿದ್ದವರು ಲೀಗ್‌ನ ಇತಿಹಾಸದಲ್ಲಿ ಬೇರೊಬ್ಬರಿರಲಿಲ್ಲ. ಬೊಸೆಲ್ಲಿ ಟೆಕ್ಸನ್ಸ್ ಪರವಾಗಿ ಒಂದು ಪಂದ್ಯವನ್ನೂ ಆಡದೆ 2003ರಲ್ಲಿ ನಿವೃತ್ತರಾದರು. 2022ರಲ್ಲಿ ಅವರಿಗೆ ಹಾಲ್ ಆಫ್ ಫೇಮ್ ಗೌರವ ಸಂದಿತು, ಜಾಗ್ವಾರ್ಸ್ ಆಟಗಾರರಾಗಿ.