ಸರಕು ಕೊಡಗಿನಲ್ಲಿ, ಸಂಬಳ ಬೆಂಗಳೂರಿನಲ್ಲಿ

ತೋಟಕ್ಕೆ ನುಗ್ಗಿದ ಆನೆ ಅಲ್ಲೇ ಇರುತ್ತದೆ, ಓಡಿಸಲು ಬಂದವರು ವಾಪಸ್ ಹೋಗುತ್ತಾರೆ. ಮಳೆಗೆ ಮೊದಲು ಹಾಕಿದ ಡಾಂಬರು ಜೋರು ಮಳೆಯ ಕಕ್ಕಡ ತಿಂಗಳು ಮುಗಿಯುವಷ್ಟರಲ್ಲಿ ಎದ್ದಿರುತ್ತದೆ. ವ್ಯಂಗ್ಯಚಿತ್ರದ ಸರಕಿಗೆ ಕೊಡಗಿನಲ್ಲಿ ಬರವಿಲ್ಲ. ಆದರೆ ಕಾರ್ಟೂನ್ ಬರೆದೇ ಸಂಸಾರ ನಡೆಸುತ್ತೇನೆ ಅಂತ ಮಡಿಕೇರಿಯ ಹುಡುಗನೊಬ್ಬ ಹೇಳಿದರೆ ಮನೆಯವರು ಸುಮ್ನೆ ಇರುತ್ತಾರಾ? ಅವರ ಭಯಕ್ಕೆ ಹಳೆಯ ಕಾರಣಗಳಿವೆ.

ಮಡಿಕೇರಿಯಲ್ಲಿ ‘ಶಕ್ತಿ’ ದಿನಪತ್ರಿಕೆ ಶುರುವಾದದ್ದು 1957ರಲ್ಲಿ, ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷ. ಅದು ಸೀಸದ ಅಕ್ಷರದ ಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದ ಕಾಲ. ಚಿತ್ರ ಬೇಕೆಂದರೆ ಸತುವಿನ ತಗಡಿನ ಮೇಲೆ ಗೆರೆಯನ್ನಷ್ಟೇ ಉಳಿಸಿ, ಮಿಕ್ಕದ್ದನ್ನು ಆಸಿಡ್‌ನಿಂದ ಕರಗಿಸಿ, ತಗಡನ್ನು ಮರದ ತುಂಡಿಗೆ ಹೊಡೆದು ಬ್ಲಾಕ್ ಮಾಡಬೇಕಿತ್ತು. ಸಣ್ಣ ಊರಿನ ಪ್ರೆಸ್‌ಗಳು ಇದನ್ನು ಸಾಮಾನ್ಯವಾಗಿ ದೊಡ್ಡ ಊರಿನಲ್ಲೇ ಮಾಡಿಸಿಕೊಳ್ಳಬೇಕಿತ್ತು. ಬ್ಲಾಕ್ ಬಸ್ಸಿನಲ್ಲಿ ಬರುವಷ್ಟರಲ್ಲಿ ಸುದ್ದಿ ಹಳಸಿರುತ್ತಿತ್ತು. ಶ್ರದ್ಧಾಂಜಲಿಯ ಫೋಟೊ ಎರಡು ದಿನ ಕಾಯಬಹುದು, ಕಾರ್ಟೂನ್ ಕಾಯುವುದಿಲ್ಲ. ಹಾಗಾಗಿ ಈ ಕಸುಬು ಬೆಳೆದದ್ದು ದೊಡ್ಡ ಪತ್ರಿಕೆಗಳ ನೆರಳಿನಲ್ಲಿ.

ಮೈಸೂರಿನ ಆರ್.ಕೆ. ಲಕ್ಷ್ಮಣ್ ಅವರನ್ನೇ ನೋಡಿ. ರಾಶಿ (ಡಾ. ಎಂ. ಶಿವರಾಂ) ಅವರು 1942ರಲ್ಲಿ ಆರಂಭಿಸಿದ ಹಾಸ್ಯ ಪತ್ರಿಕೆ ‘ಕೊರವಂಜಿ’ಗೆ ಎಳೆಯ ವಯಸ್ಸಿನಲ್ಲೇ ಚಿತ್ರ ಬರೆದರು. ಹೆಸರು, ಅನ್ನ ಎರಡೂ ಸಿಕ್ಕಿದ್ದು ಬೊಂಬಾಯಿಯ ಟೈಮ್ಸ್ ಆಫ್ ಇಂಡಿಯಾದಲ್ಲಿ. ಇನ್ನೊಬ್ಬ ವ್ಯಂಗ್ಯಚಿತ್ರಕಾರ ಬಿ.ವಿ. ರಾಮಮೂರ್ತಿ ಬೆಂಗಳೂರಿನಲ್ಲಿ ಡೆಕ್ಕನ್ ಹೆರಾಲ್ಡ್ ಬಳಗದಲ್ಲಿದ್ದರು. ಇಬ್ಬರಿಗೂ ಇದ್ದದ್ದು ತಿಂಗಳ ಸಂಬಳ, ಪುಟದಲ್ಲಿ ಕಾಯಂ ಜಾಗ, ಬೆನ್ನಿಗೆ ನಿಲ್ಲುವ ಪತ್ರಿಕೆ. ಈ ಮೂರನೆಯದು ಸಣ್ಣ ಮಾತಲ್ಲ. 1975ರ ಡಿಸೆಂಬರ್‌ನಲ್ಲಿ, ತುರ್ತು ಪರಿಸ್ಥಿತಿಯ ನಡುವೆ, ವ್ಯಂಗ್ಯಚಿತ್ರಕಾರ ಅಬು ಅಬ್ರಹಾಂ ತಮ್ಮ ಕಾರ್ಟೂನಿನಲ್ಲಿ ರಾಷ್ಟ್ರಪತಿಗಳನ್ನು ಸ್ನಾನದ ತೊಟ್ಟಿಯಲ್ಲಿ ಕೂರಿಸಿ ಸುಗ್ರೀವಾಜ್ಞೆಗೆ ಸಹಿ ಹಾಕಿಸಿದರು. ಇಂಡಿಯನ್ ಎಕ್ಸ್‌ಪ್ರೆಸ್ ಅದನ್ನು ಅಚ್ಚು ಹಾಕಿತು.

ಕೊಡಗಿನ ಕಷ್ಟ ಬೇರೆ ಥರದ್ದು. ದೆಹಲಿಯ ಮಂತ್ರಿಯ ಮೂಗನ್ನು ಎಷ್ಟು ಉದ್ದ ಎಳೆದರೂ ಅವರು ಮನೆಗೆ ಬಂದು ಕೇಳುವುದಿಲ್ಲ. ಇಲ್ಲಿ ಇರುವುದೇ ಎರಡು ವಿಧಾನಸಭಾ ಕ್ಷೇತ್ರ, ಮಡಿಕೇರಿ ಮತ್ತು ವಿರಾಜಪೇಟೆ. ಬೆಳಿಗ್ಗೆ ಕಾರ್ಟೂನಿನಲ್ಲಿದ್ದ ಶಾಸಕರು ಮಧ್ಯಾಹ್ನ ಮದುವೆ ಮನೆಯಲ್ಲಿ ಪಂದಿಕರಿ ತಟ್ಟೆ ಹಿಡಿದು ಎದುರಿಗೇ ನಿಲ್ಲುತ್ತಾರೆ. ಜಾಹೀರಾತು ಕೊಡುವ ಹೋಮ್‌ಸ್ಟೇಯವರು ಯಾರದ್ದೋ ಭಾವ, ಯಾರದ್ದೋ ಬೀಗರು. ಪೊಲೀಸರಿಗಿಂತ ಜಾಸ್ತಿ ಕೈ ಕಟ್ಟುವುದು ನೆಂಟಸ್ತಿಕೆ, ಅಲ್ವಾ?

ಆಫ್‌ಸೆಟ್ ಮುದ್ರಣ ಬಂದು ಬ್ಲಾಕಿನ ತಾಪತ್ರಯ ಹೋಯಿತು. ಈಗಂತೂ ಸೋಮವಾರಪೇಟೆಯಲ್ಲಿ ಟ್ಯಾಬ್‌ನಲ್ಲಿ ಬರೆದದ್ದು ನಿಮಿಷದಲ್ಲಿ ಬೆಂಗಳೂರು ತಲುಪುತ್ತದೆ, ಕರೆಂಟು ಮತ್ತು ನೆಟ್‌ವರ್ಕ್ ಇದ್ದರೆ. ಆದರೆ ದಾರಿ ಸಲೀಸಾಗುವ ಹೊತ್ತಿಗೆ ಕಾಯಂ ಹುದ್ದೆಗಳೇ ಕರಗಿದವು. ನ್ಯೂಯಾರ್ಕ್ ಟೈಮ್ಸ್‌ನಂಥ ಪತ್ರಿಕೆಯೂ 2019ರಲ್ಲಿ ತನ್ನ ಅಂತರರಾಷ್ಟ್ರೀಯ ಆವೃತ್ತಿಯಿಂದ ದಿನದ ರಾಜಕೀಯ ಕಾರ್ಟೂನನ್ನು ಕೈಬಿಟ್ಟಿತು. ಕನ್ನಡದಲ್ಲಿ ಪ್ರಜಾವಾಣಿಯ ‘ಚಿನಕುರಳಿ’ಯಂಥ ಕಾರ್ಟೂನ್ ಜಾಗಗಳಿವೆ, ಆದರೆ ಒಂದು ಪತ್ರಿಕೆಗೆ ಒಬ್ಬರೋ ಇಬ್ಬರೋ ಸಾಕು. ಉಳಿದವರಿಗೆ ಬಿಡಿ ಚಿತ್ರಕ್ಕೆ ಇಷ್ಟು ಅಂತ ಲೆಕ್ಕ. ಗೆರೆ ಚೆನ್ನಾಗಿರುವ ಕೊಡಗಿನ ಹುಡುಗ ಹುಡುಗಿಯರು ಜಾಹೀರಾತು, ಅನಿಮೇಷನ್ ಅಂತ ಬೆಂಗಳೂರಿನಲ್ಲಿ ಕೆಲಸ ಹುಡುಕುತ್ತಾರೆ. ಕಾರ್ಟೂನ್ ಬರೆಯುವುದು ರಜೆ ಸಿಕ್ಕ ದಿನ.